‘ಬ್ಯಾಡ್ ಸೆಕ್ಟರ್’ಗೆ ‘ಹುಳುಕು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ 2010ರಲ್ಲಿ ಕೊಂಡ ಡೆಸ್ಕ್‌ಟಾಪ್ ಒಂದಿದೆ. ಹೋದ ವಾರ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬಂತು: ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಅಂಡ್ ರಿಪ್ಲೇಸ್’. (ಸ್ಮಾರ್ಟ್ ಅಂದರೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ನೋಡಿಕೊಂಡು ಹೇಳೋ ವ್ಯವಸ್ಥೆ.) ಎಫ್ 1 ಒತ್ತಿದರೆ ಮುಂದೆ ಹೋಗುತ್ತಿತ್ತು, ಆದರೆ ವಿಂಡೋಸ್ ತೆರೆದುಕೊಳ್ಳೋಕೆ ಹತ್ತು ನಿಮಿಷ. ನಡುನಡುವೆ ಡಬ್ಬದ ಒಳಗಿಂದ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಕಟಕ್ ಕಟಕ್ ಸದ್ದು. ಅಂಗಡಿಯವರಿಗೆ ಫೋನ್ ಮಾಡಿದೆ. ‘ಹಾರ್ಡ್ ಡಿಸ್ಕ್ ಹೋಗಿದೆ ಸಾರ್, ಆದ್ರೆ ಪೂರ್ತಿ ಹೋಗಿಲ್ಲ. ಹೋಗೋದ್ರೊಳಗೆ ಫೋಟೋ ಗೀಟೋ ತೆಕ್ಕೊಂಬಿಡಿ’ ಅಂದರು.

ಡಿಸ್ಕ್ ಬದಲಾಯಿಸಿದ್ದಾಯಿತು. ಆದರೆ ಆ ಮಾತು ತಲೆಯಲ್ಲೇ ಉಳಿದುಬಿಟ್ಟಿದೆ. ಹೋಗಿದೆ, ಆದರೆ ಪೂರ್ತಿ ಹೋಗಿಲ್ಲ. ಅಂದರೆ ಏನು?

ಕರೆಂಟ್ ಹೋದರೆ ಮತ್ತೆ ಬರುತ್ತೆ. ಬಲ್ಬ್ ಹೋದರೆ ಬರಲ್ಲ, ಆದರೂ ಹೋಲ್ಡರ್‌ನಲ್ಲೇ ಕೂತಿರುತ್ತೆ. ದೇವಸ್ಥಾನದ ಹೊರಗೆ ಬಿಟ್ಟ ಚಪ್ಪಲಿ ಹೋಯ್ತು ಅಂದರೆ ಯಾರೋ ಹೊಡೆದರು ಅಂತ. ಡಿಸ್ಕ್ ಹೋಯ್ತು ಅಂದಾಗ ಅಮ್ಮ ಕೇಳಿದ್ದು, ‘ಫೋಟೋನೂ ಹೋಯ್ತಾ?’ ಅಂತ. ಡಿಸ್ಕ್ ಹೋಗಿಯೂ ಮೇಜಿನ ಮೇಲೇ ಬಿದ್ದಿರುತ್ತೆ, ಪೇಪರ್ ಮೇಲೆ ಇಡೋಕಾಗುವಷ್ಟು ಭಾರವಾಗಿ. ಫೋಟೋ ಹೋದರೆ ಎಲ್ಲೂ ಇರಲ್ಲ. ಎರಡಕ್ಕೂ ಒಂದೇ ಕ್ರಿಯಾಪದ.

‘ಕೆಡು’ ಇದಕ್ಕಿಂತ ಕಷ್ಟ. ‘ಕೆಟ್ಟ ಕಾರು’ ಅಂದರೆ ತೆಗೆದುಕೊಳ್ಳಲೇಬಾರದಿತ್ತು ಅನ್ನೋ ಕಾರು. ದಾರಿಯಲ್ಲಿ ನಿಂತಿದ್ದಾದರೆ ‘ಕೆಟ್ಟು ನಿಂತ ಕಾರು’. ಹಾಗಾಗಿ ಬ್ಯಾಡ್ ಸೆಕ್ಟರ್ ಅನ್ನು, ಅಂದರೆ ಡಿಸ್ಕ್‌ನಲ್ಲಿ ಕೈಕೊಟ್ಟ ಸಣ್ಣ ತುಂಡನ್ನು, ಕನ್ನಡದಲ್ಲಿ ‘ಕೆಟ್ಟ ಸೆಕ್ಟರ್’ ಅಂತ ಬರೆದರೆ ಅದರ ನಡತೆ ಸರಿಯಿಲ್ಲ ಅಂದ ಹಾಗೆ ಕೇಳಿಸುತ್ತೆ. ಅಲ್ವಾ?

ನನಗೆ ಹೊಳೆದ ಪದ ‘ಹುಳುಕು’. ಹುಳುಕು ಹಲ್ಲು, ಹುಳುಕು ಬದನೆಕಾಯಿ. ಇದರಲ್ಲಿ ‘ಪೂರ್ತಿ ಹೋಗಿಲ್ಲ’ ಅನ್ನೋ ಅರ್ಥ ಮೊದಲೇ ಕೂತಿದೆ. ಕಾಯಿಯ ಒಂದು ಕಡೆ ಹುಳುಕು, ಉಳಿದದ್ದು ಸಾಂಬಾರಿಗೆ ಆಗುತ್ತೆ. ಡಿಸ್ಕ್ ಒಳಗೆ ನಡೆಯೋದೂ ಇದೇ. ಅದರ ತಟ್ಟೆಯನ್ನು ಸೆಕ್ಟರ್ ಅನ್ನೋ ಸಣ್ಣ ಸಣ್ಣ ತುಂಡುಗಳಾಗಿ ಹಂಚಿರುತ್ತಾರೆ. ಹಳೇ ಡಿಸ್ಕ್‌ಗಳಲ್ಲಿ ಒಂದು ತುಂಡಿಗೆ 512 ಬೈಟ್. ಯಾವುದಾದರೂ ತುಂಡು ಕೈಕೊಟ್ಟರೆ ಡಿಸ್ಕ್ ಅದನ್ನು ಬಿಟ್ಟು, ಮೊದಲೇ ಎತ್ತಿಟ್ಟ ಬದಲಿ ತುಂಡನ್ನು ಬಳಸಿಕೊಂಡು, ಲೆಕ್ಕ ಬರೆದಿಟ್ಟುಕೊಳ್ಳುತ್ತೆ. ನಮ್ಮದರಲ್ಲಿ ಆ ಲೆಕ್ಕ 312ಕ್ಕೆ ಬಂದಿತ್ತು. ಆಮೇಲೆ ಅದೇ ಬಾಯಿಬಿಟ್ಟು ‘ಬ್ಯಾಡ್’ ಅಂದಿದ್ದು.

ಒಂದು ಹುಳುಕಿಗೆ ಎಷ್ಟು ಕನ್ನಡ ಹೋಗುತ್ತೆ ಅಂತ ಸುಮ್ನೆ ಲೆಕ್ಕ ಹಾಕಿದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡೋ ಯುಟಿಎಫ್-8 ಪದ್ಧತಿಯಲ್ಲಿ ‘ಕ’ಗೆ 3 ಬೈಟ್, ‘ಕಿ’ಗೆ 6, ‘ಕ್ಕಿ’ಗೆ 12. 512 ಬೈಟ್‌ನಲ್ಲಿ ಎರಡು ಮೂರು ಪುಟ್ಟ ವಾಕ್ಯ ಹಿಡಿದರೆ ಹೆಚ್ಚು. ಒತ್ತಕ್ಷರ ಜಾಸ್ತಿ ಬರೆಯೋರಿಗೆ ಇನ್ನೂ ಕಡಿಮೆ!

ಫೋಟೋ ಉಳಿಸಿಕೊಳ್ಳೋಕೆ ನಾನು ಬಳಸಿದ್ದು ಲಿನಕ್ಸ್‌ನ ಡಿಡಿರೆಸ್ಕ್ಯೂ, ಕೈಕೊಟ್ಟ ಡಿಸ್ಕ್‌ನಿಂದ ಸಿಕ್ಕಷ್ಟು ನಕಲು ಮಾಡೋ ತಂತ್ರಾಂಶ. ಬದನೆಕಾಯಿ ಹೆಚ್ಚುವವರ ಬುದ್ಧಿಯೇ ಅದಕ್ಕೂ ಇದೆ. ಹುಳುಕು ಕಂಡ ಕಡೆ ಹಟ ಹಿಡಿದು ಕೂರಲ್ಲ. ಅದನ್ನು ದಾಟಿ, ಚೆನ್ನಾಗಿರೋದನ್ನೆಲ್ಲ ಮೊದಲು ಬೇರೆ ಡಿಸ್ಕ್‌ಗೆ ಎತ್ತಿಹಾಕುತ್ತೆ. ಆಮೇಲೆ ಹಿಂದಕ್ಕೆ ಬಂದು ಹುಳುಕಿನ ಸುತ್ತ ಸಿಕ್ಕಷ್ಟು ಕೆರೆಯುತ್ತೆ. ಒಂದು ರಾತ್ರಿ ಪೂರ್ತಿ ಓಡಿತು. ಬೆಳಗ್ಗೆ ನೋಡಿದರೆ ತಂಗಿಯ ಮದುವೆಯ ಫೋಟೋಗಳಲ್ಲಿ ಒಂದು ಮಾತ್ರ ಅರ್ಧಕ್ಕೆ ಬೂದು ಬಣ್ಣ. ಅದರಲ್ಲಿ ನಾನೇ ಇದ್ದೆ, ಸೊಂಟದಿಂದ ಮೇಲಕ್ಕೆ ಮಾತ್ರ.

ಹೊಸದು ಹಾಕಿದ್ದು ದೊಡ್ಡ ಕತೆಯೇನಲ್ಲ. ಎರಡೂವರೆ ಇಂಚಿನ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್), ಮೂರೂವರೆ ಇಂಚಿನ ಜಾಗಕ್ಕೆ ಕೂರಿಸೋ ತಗಡಿನ ಪಟ್ಟಿ, ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸೋ ಅದೇ ಹಳೇ ಸಾಟಾ ಕೇಬಲ್. ಹಳೇ ಸ್ಕ್ರೂ ಮಾತ್ರ ಅದಕ್ಕೆ ಹಿಡಿಯಲಿಲ್ಲ, ದಪ್ಪ ಜಾಸ್ತಿ. ‘ಡಿಸ್ಕ್ ಹಾಕಿದೆ’ ಅಂದರೆ ತಮ್ಮ ‘ಹಾಕಿಸ್ದೆ ಅನ್ನು’ ಅಂತ ತಿದ್ದಿದ. ಕೈಗೆ ಮೆತ್ತಿದ ಧೂಳು ತೋರಿಸಬೇಕಾಯಿತು.

ಈಗ ವಿಷಯಕ್ಕೆ. ‘ಹುಳುಕು’ ಪದದ ಬಗ್ಗೆ ನನಗೇ ಎರಡು ಅನುಮಾನ ಇವೆ. ಒಂದು, ಹುಳುಕಿಗೆ ಹುಳ ಬೇಕು, ಹೊರಗಿಂದ ಬಂದದ್ದು. ಇಲ್ಲಿ ಡಿಸ್ಕ್ ತಾನಾಗೇ ಸವೆದಿದೆ. ಕಂಪ್ಯೂಟರ್ ಜೊತೆ ಹುಳ ಅಂದರೆ ಓದುವವರು ವೈರಸ್ ಅಂದುಕೊಂಡರೆ? ಎರಡು, ‘ಹುಳುಕು ಹುಡುಕೋದು’ ಅಂದರೆ ತಪ್ಪು ಹುಡುಕೋದು ಅಂತ ಆಗಲೇ ಬೇರೆ ಬಳಕೆ ಇದೆ. ಇದನ್ನು ಬಿಟ್ಟರೆ ನನ್ನ ಕೈಲಿರೋದು ‘ಲಡ್ಡು’. ಆದರೆ ಲಡ್ಡು ಹಿಡಿದ ಮರ ಅಂದರೆ ನನ್ನ ಕಿವಿಗೆ ಪೂರ್ತಿ ಹೋದ ಮರ. ಪೇಟೆ ಮಕ್ಕಳಿಗೆ ಅದು ಬರೀ ಸಿಹಿತಿಂಡಿ.

ಇನ್ನೊಂದು. ‘ಹೋಗಿದೆ’ ಅನ್ನೋ ಕಡೆ ಧಾರವಾಡದವರು ‘ಕೆಟ್ಟೈತಿ’ ಅಂತಲೇ ಅಂತಾರಾ? ಮಂಗಳೂರಿನವರು ‘ಹಾಳಾಗಿದೆ’ ಅಂದಾಗ ರಿಪೇರಿ ಆಗುತ್ತೆ ಅನ್ನೋ ಆಸೆ ಉಳಿದಿರುತ್ತಾ, ಇಲ್ಲವಾ? ಅರ್ಧ ಹೋದ ಹಲ್ಲಿಗೆ, ಅರ್ಧ ಹೋದ ಹಲಸಿನ ಹಣ್ಣಿಗೆ ನಿಮ್ಮ ಮನೆಯಲ್ಲಿ ಏನಂತಾರೆ, ಅದನ್ನೂ ತಿಳಿಸಿ.