ಅಪ್‌ಡೇಟ್: ದೇವರ ಮುಂದೆ ಮಾತೇ ಹೊರಡುವುದಿಲ್ಲ ಎಂದು ಕೇಳಿದ್ದವನು ನಾನು

ಎರಡು ತಿಂಗಳ ಹಿಂದೆ, ತಂದೆಯವರ ಮೂತ್ರಪಿಂಡಗಳೆರಡೂ ಕೆಟ್ಟು, ಹತ್ತಿಯ ಬೆಳೆಯೂ ಕೈಕೊಟ್ಟು, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿದ್ದ ಹೊತ್ತಿನಲ್ಲಿ, ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡದಿರುವುದು ಭಕ್ತಿಯ ಕೊರತೆಯೇ ಎಂದು ಕೇಳಿದ್ದೆ. ಮಾತು ಬಾರದಿದ್ದರೆ ಬೇಡ, ದಿನವೂ ಒಂದೇ ಹೊತ್ತಿಗೆ ದೀಪ ಹಚ್ಚಿ ಸುಮ್ಮನೆ ಕುಳಿತುಕೊಳ್ಳಿ ಎಂದು ಹಿರಿಯರೊಬ್ಬರು ಉತ್ತರಿಸಿದ್ದರು.

ಹಾಗೆಯೇ ಮಾಡಿದೆ. ಮೊದಲ ವಾರ ತಲೆಯಲ್ಲಿ ಬಡ್ಡಿಯ ಲೆಕ್ಕವೇ ಸುತ್ತುತ್ತಿತ್ತು. ಹತ್ತನೆಯ ದಿನವಿರಬೇಕು, ಅಳು ಬಂದಿತು. ಆ ಅಳುವೇ ನನ್ನ ಮೊದಲ ಪ್ರಾರ್ಥನೆಯೆಂದು ಈಗ ನಂಬುತ್ತೇನೆ.

ನಮ್ಮ ಮಾನ್ವಿಯಲ್ಲಿ ನೆಲೆಸಿದ್ದ ಹರಿದಾಸರಾದ ಜಗನ್ನಾಥದಾಸರು ಉದರವ್ಯಾಧಿಯಿಂದ ಬಳಲಿದಾಗ, ಹಿರಿಯ ಹರಿದಾಸರಾದ ವಿಜಯದಾಸರ ಮಾತಿನಂತೆ ಅವರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಜಗನ್ನಾಥದಾಸರಿಗೆ ಧಾರೆಯೆರೆದರೆಂಬ ಪ್ರತೀತಿಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಷ್ಟು ದೊಡ್ಡ ವಿದ್ವಾಂಸರೂ ನೋವಿನಲ್ಲಿ ಇನ್ನೊಬ್ಬರ ಬಳಿಗೆ ಹೋಗಬೇಕಾಯಿತೆಂಬುದು ಈ ಬಾರಿ ನನ್ನ ಮನಸ್ಸನ್ನು ತಟ್ಟಿತು. ಅದನ್ನು ನೆನೆದೇ, ಸಂಕೋಚ ಬಿಟ್ಟು, ಸೋದರಮಾವನವರಿಗೆ ಸಾಲದ ವಿಷಯವನ್ನೆಲ್ಲ ಹೇಳಿದೆ. ಅವರು ಜೊತೆಗೆ ಬಂದು ಮಾತನಾಡಿ, ಮುಂದಿನ ಸುಗ್ಗಿಯವರೆಗೆ ಗಡುವು ಕೊಡಿಸಿದರು.

ತಂದೆಯವರು ಗುಣವಾಗಿಲ್ಲ. ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆಂದು ರಾಯಚೂರಿಗೆ ಕರೆದೊಯ್ಯುತ್ತೇನೆ. ಸೂಜಿ ಚುಚ್ಚುವಾಗ ಅವರು ಕಣ್ಣು ಮುಚ್ಚಿ ಮಂತ್ರಾಲಯದ ರಾಯರನ್ನು ನೆನೆಯುತ್ತಾರೆ. ನಾನು ಅವರ ಪಾದ ಹಿಡಿದು ಕುಳಿತಿರುತ್ತೇನೆ. ಗುಣಪಡಿಸೆಂದು ಬೇಡುವುದು ಸ್ವಾರ್ಥವೆಂದು ಕೆಲವರು ಬರೆದಿದ್ದರು, ಅದನ್ನು ನಾನು ಒಪ್ಪಲಾರೆ; ಈಗಲೂ ಬೇಡುತ್ತೇನೆ. ಜೊತೆಗೆ ಈ ಒಂದು ದಿನಕ್ಕೆ ಸಾಕಾಗುವಷ್ಟು ಬಲವನ್ನೂ ಕೇಳುತ್ತೇನೆ, ಅದು ಇಲ್ಲಿಯವರೆಗೆ ಸಿಕ್ಕಿದೆ.

ನಿನ್ನೆ ಸಂಜೆ ದೀಪಕ್ಕೆ ಎಣ್ಣೆ ಹಾಕಿದವರು ತಂದೆಯವರೇ.