ಜಲವರ್ಣದಲ್ಲಿ ಬರೆದ ದೀಪ ಬೆಳಗುತ್ತಿಲ್ಲ, ಮೂರು ಹಾಳೆ ಹಾಳಾಯಿತು

ತುಂಗಾತೀರ | ಭಾನುವಾರ, ರಾತ್ರಿ 10:40
ಅಜ್ಜಿಯ ಅಡುಗೆಮನೆಯ ಗೂಡಿನಲ್ಲಿ ಇಟ್ಟ ಎಣ್ಣೆದೀಪ. ಒಂದು ತಿಂಗಳಿನಿಂದ ಅದೊಂದನ್ನೇ ಬರೆಯುತ್ತಿದ್ದೇನೆ. ಗೂಡು ಬಂದಿದೆ, ಹಣತೆಯ ಅಂಚಿನ ಜಿಡ್ಡು ಬಂದಿದೆ, ಕರಕಲಾದ ಬತ್ತಿಯ ತುದಿಯೂ ಬಂದಿದೆ. ದೀಪ ಮಾತ್ರ ಉರಿಯುತ್ತಿಲ್ಲ. ಗೋಡೆಗೆ ಹಳದಿ ಎಲೆ ಅಂಟಿಸಿದ ಹಾಗಿದೆ. ಮೂರು ಬಗೆಯ ಹಳದಿ ತಂದೆ, ಪದರದ ಮೇಲೆ ಪದರ ಹಾಕಿದೆ. ಹಚ್ಚಿದಷ್ಟೂ ಮಂಕಾಗುತ್ತಿದೆ. ಮೊದಲ ವರ್ಷದ ತಿಥಿಯೊಳಗೆ ಮುಗಿಸಿ ಅಮ್ಮನಿಗೆ ಕೊಡಬೇಕು. ಚಿತ್ರ ಲಗತ್ತಿಸಿದ್ದೇನೆ.

ಬಣ್ಣದ ಪೆಟ್ಟಿಗೆ | 10:58
ಯಾವ ಹಾಳೆ? ಹತ್ತಿಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ) ಅಲ್ಲದಿದ್ದರೆ ಎರಡನೇ ಪದರಕ್ಕೆ ಕೆಳಗಿನ ಬಣ್ಣ ಎದ್ದು ಕೆಸರಾಗುತ್ತದೆ. ಹಳದಿ ಮಂಕಾಗುವುದು ಅದಕ್ಕೇ.

ತುಂಗಾತೀರ | 11:05
ಹಾಳೆ ಚೆನ್ನಾಗಿದೆ.

ಬಣ್ಣದ ಪೆಟ್ಟಿಗೆ | 11:09
ಚೆನ್ನಾಗಿದೆ ಎಂದರೆ ನಮಗೇನು ತಿಳಿಯಬೇಕು? ಹತ್ತಿಯೋ, ಮರದ ತಿರುಳೋ? ನುಣುಪಾದ ಹಾಟ್ ಪ್ರೆಸ್ಸೋ, ತರಿತರಿಯಾದ ಕೋಲ್ಡ್ ಪ್ರೆಸ್ಸೋ? ನೂರಕ್ಕೆ ನೂರು ಇದು ಹಾಳೆಯ ದೋಷ.

ನೆರಳು ಬೆಳಕು | ಸೋಮವಾರ, ಬೆಳಿಗ್ಗೆ 6:15
ಹಾಳೆಯ ವಿಚಾರ ಸ್ವಲ್ಪ ಬದಿಗಿಡೋಣ. ನಿಮ್ಮ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿದೆ. ಜ್ವಾಲೆ ಕಾಣೆಯಾಯಿತು! ಜ್ವಾಲೆಯೂ ಗೋಡೆಯೂ ಒಂದೇ ಬೂದಿ ಬಣ್ಣ. ನೀವು ಹಳದಿಯನ್ನು ಬದಲಿಸುತ್ತಿದ್ದೀರಿ, ವ್ಯಾಲ್ಯೂವನ್ನು ಮುಟ್ಟಿಯೇ ಇಲ್ಲ. ಬಣ್ಣ ಯಾವುದು ಎಂಬುದು ಬೇರೆ, ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬುದು ಬೇರೆ. ದೀಪವನ್ನು ಬೆಳಗಿಸುವುದು ಎರಡನೆಯದು.

ಜಲವರ್ಣದಲ್ಲಿ ಹಾಳೆಯ ಬಿಳುಪಿಗಿಂತ ತಿಳಿಯಾದದ್ದು ಏನೂ ಇಲ್ಲ. ಅದರ ಮೇಲೆ ಯಾವ ಹಳದಿಯನ್ನು ಹಚ್ಚಿದರೂ ಒಂದಿಷ್ಟು ಕತ್ತಲೆಯನ್ನೇ ಸೇರಿಸಿದಂತೆ. ಹಚ್ಚಿದಷ್ಟೂ ಮಂಕಾಗುವುದು ಅದಕ್ಕೆ. ಜ್ವಾಲೆಯ ನಡುವನ್ನು ಖಾಲಿ ಬಿಡಿ, ಗೋಡೆಯನ್ನು ಗಾಢ ಮಾಡಿ.

ಬಣ್ಣದ ಪೆಟ್ಟಿಗೆ | 8:30
ಮೊಬೈಲಿನ ಕಪ್ಪು-ಬಿಳುಪನ್ನು ನಂಬಬೇಡಿ. ಒಂದು ಆ್ಯಪ್ ಕೆಂಪನ್ನು ಕಪ್ಪಾಗಿ ತೋರಿಸಿದರೆ ಇನ್ನೊಂದು ತಿಳಿಯಾಗಿ ತೋರಿಸುತ್ತದೆ.

ನೆರಳು ಬೆಳಕು | 8:44
ಆ ಮಾತು ಸರಿ. ಹಾಗಾದರೆ ಮೊಬೈಲ್ ಬೇಡ. ಬೂದು ಬಣ್ಣದ ರಟ್ಟಿನಲ್ಲಿ ಪೇಪರ್ ಪಂಚಿನಿಂದ ಎರಡು ತೂತು ಮಾಡಿ. ಒಂದು ತೂತು ಜ್ವಾಲೆಯ ಮೇಲೆ, ಇನ್ನೊಂದು ಗೋಡೆಯ ಮೇಲೆ ಬರುವಂತೆ ಚಿತ್ರದ ಮೇಲಿಡಿ. ಕಣ್ಣನ್ನು ಅರೆಮುಚ್ಚಿ ನೋಡಿ. ಯಾವುದು ತಿಳಿ ಎಂದು ತಕ್ಷಣ ಹೇಳಲಾಗದಿದ್ದರೆ ದೀಪ ಬೆಳಗುವುದಿಲ್ಲ.

ಕುಂಚಪ್ರಿಯ | 9:20
ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ಅದು ತೈಲವರ್ಣ. ಅಂಥ ಬೆಳಕು ಜಲವರ್ಣದಲ್ಲಿ ಸಾಧ್ಯವಿಲ್ಲ. ಮಾಧ್ಯಮವನ್ನೇ ಬದಲಿಸಿ.

ನೆರಳು ಬೆಳಕು | 9:31
ಅದು ರವಿವರ್ಮನದಲ್ಲ. ಸಾವಂತವಾಡಿಯ ಎಸ್. ಎಲ್. ಹಳದಣಕರ್ ಅವರದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ 1940ರ ದಶಕದ್ದು. ಮುಖ್ಯವಾದ ಮಾತೆಂದರೆ ಅದು ಜಲವರ್ಣ. ಅವಳು ಜ್ವಾಲೆಗೆ ಅಂಗೈ ಅಡ್ಡ ಹಿಡಿದಿದ್ದಾಳೆ. ಬೆರಳ ಸಂದಿಯ ಕೆಂಪು, ಮುಖದ ಮೇಲಿನ ಬೆಳಕು, ಇಷ್ಟರಿಂದಲೇ ದೀಪ ಉರಿಯುತ್ತಿದೆ ಎಂದು ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಅದರ ಮುಂದೆ ನಿಂತವನು ನಾನು. ಜಲವರ್ಣದಲ್ಲಿ ಆಗದು ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಕುಂಚಪ್ರಿಯ | 9:50
ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ರವಿವರ್ಮ ಎಂದೇ ಅಚ್ಚಾಗಿತ್ತು. ತಿದ್ದಿದ್ದಕ್ಕೆ ವಂದನೆ.

ಕರಿಮಸಿ | 11:15
ಗೋಡೆಗೆ ಲ್ಯಾಂಪ್ ಬ್ಲ್ಯಾಕ್ ಹಚ್ಚಿ. ದೀಪದ ಕಾಡಿಗೆಯಂಥ ಮಸಿಯೇ ಅದು, ದೀಪದ ಚಿತ್ರಕ್ಕೆ ಅದಕ್ಕಿಂತ ಒಪ್ಪುವುದು ಇನ್ನೇನಿದೆ?

ಬಣ್ಣದ ಪೆಟ್ಟಿಗೆ | 11:40
ಕಪ್ಪು ಹಚ್ಚಿದರೆ ಗೋಡೆ ಸತ್ತುಹೋಗುತ್ತದೆ. ಅಲ್ಟ್ರಾಮರೀನ್ ನೀಲಿಯ ಜೊತೆ ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಬೇಕಾದಷ್ಟು ಗಾಢ ಸಿಗುತ್ತದೆ. ನಾನು ಹನ್ನೆರಡು ವರ್ಷಗಳಿಂದ ಕಪ್ಪಿನ ಟ್ಯೂಬ್ ಕೊಂಡಿಲ್ಲ. ಮೇಜಿನ ಮೇಲೆ 36 ಪ್ಯಾನುಗಳ ಪೆಟ್ಟಿಗೆ, ಪಿಂಗಾಣಿ ತಟ್ಟೆ, 8ನೇ ನಂಬರಿನ ಸೇಬಲ್ ಕುಂಚ, ತಲೆಯ ಮೇಲೆ 5000 ಕೆಲ್ವಿನ್ ದೀಪ. ಫೋಟೋ ಹಾಕುತ್ತೇನೆ.

ಕರಿಮಸಿ | 11:52
ಮೇಜು ಸುಂದರವಾಗಿದೆ. ಆದರೆ ಕಪ್ಪಿಗೆ ಚೂರು ಸಿಯೆನ್ನಾ ಸೇರಿಸಿದರೆ ಅದೂ ಸಾಯುವುದಿಲ್ಲ.

ತುಂಗಾತೀರ | ರಾತ್ರಿ 9:10
ರಟ್ಟಿನ ಪರೀಕ್ಷೆ ಮಾಡಿದೆ. ಎರಡು ತೂತುಗಳಲ್ಲಿ ಯಾವುದು ಜ್ವಾಲೆ ಎಂದು ಬಣ್ಣದಿಂದ ಗೊತ್ತಾಯಿತೇ ಹೊರತು ಬೆಳಕಿನಿಂದಲ್ಲ. ಆದರೆ ನನ್ನ ಫೋಟೋದಲ್ಲಿ ಗೋಡೆ ಅಷ್ಟೇ ತಿಳಿಯಾಗಿದೆ. ಇದ್ದದ್ದನ್ನೇ ಬರೆದಿದ್ದೇನೆ.

ನೆರಳು ಬೆಳಕು | 9:16
ಫೋಟೋ ನೋಡಿ ಬರೆದದ್ದೇ? ಮೊಬೈಲಿನಲ್ಲಿ ತೆಗೆದದ್ದೇ? ರಾತ್ರಿಯೇ?

ತುಂಗಾತೀರ | 9:20
ಹೌದು, ನೈಟ್ ಮೋಡ್. ಆ ಮನೆ ಈಗ ಬೇರೆಯವರದು, ಅದೊಂದೇ ಫೋಟೋ ಉಳಿದಿದೆ. ಇದನ್ನು ಹೇಳಬೇಕೆಂದು ತೋಚಲಿಲ್ಲ.

ನೆರಳು ಬೆಳಕು | 9:48
ಕಾರಣ ಸಿಕ್ಕಿತು. ನೈಟ್ ಮೋಡ್ ಹಲವು ಚಿತ್ರಗಳನ್ನು ಕೂಡಿಸಿ ಕತ್ತಲೆಯನ್ನು ಮೇಲೆತ್ತುತ್ತದೆ, ಉರಿಯುವ ಭಾಗವನ್ನು ತಗ್ಗಿಸುತ್ತದೆ. ಮೂಲೆಯ ಡಬ್ಬಿಯೂ ಕಾಣಲಿ ಎಂಬುದು ಅದರ ಉದ್ದೇಶ. ನಿಮ್ಮ ಅಜ್ಜಿಯ ಅಡುಗೆಮನೆ ಹಾಗಿರಲಿಲ್ಲ.

ಗೂಡಿನ ಆಕಾರಕ್ಕೆ ಫೋಟೋ ಇರಲಿ. ಬೆಳಕಿಗಾಗಿ ಇಂದು ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ಒಂದು ಹಣತೆ ಹಚ್ಚಿ ಗೋಡೆಯ ಪಕ್ಕ ಇಟ್ಟು ಹತ್ತು ನಿಮಿಷ ಕುಳಿತುಕೊಳ್ಳಿ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಒಂದು ಗೇಣಿನಾಚೆ ಗೋಡೆ ಹೇಗಿದೆ, ಎರಡು ಗೇಣಿನಾಚೆ ಹೇಗಿದೆ ಎಂದು ಪೆನ್ಸಿಲಿನಲ್ಲಿ ಐದೇ ಛಾಯೆಗಳಲ್ಲಿ ಗುರುತು ಮಾಡಿ. ಅಂಚೆಕಾರ್ಡಿನಷ್ಟು ಚಿತ್ರ ಸಾಕು. ಬಣ್ಣ ಮುಟ್ಟಬೇಡಿ.

ಬಣ್ಣದ ಪೆಟ್ಟಿಗೆ | 10:02
ನೈಟ್ ಮೋಡ್ ವಿಚಾರ ನನಗೂ ಹೊಳೆಯಲಿಲ್ಲ. ಆದರೂ ಹಾಳೆ ಯಾವುದೆಂದು ಅವರು ಇನ್ನೂ ಹೇಳಿಲ್ಲ.

ತುಂಗಾತೀರ | ಗುರುವಾರ, ರಾತ್ರಿ 11:30
ಹಾಳೆ ಹತ್ತಿಯದೇ, 300 ಜಿಎಸ್‌ಎಂ, ಕೋಲ್ಡ್ ಪ್ರೆಸ್.

ಹಣತೆ ಹಚ್ಚಿ ಕುಳಿತೆ. ಗೂಡಿನೊಳಗಿನ ಸುಣ್ಣ ಬಿಳಿ ಎಂದು ನನಗೆ ಗೊತ್ತಿತ್ತು, ಅದಕ್ಕೇ ಬಿಳಿಯಾಗಿ ಬರೆದಿದ್ದೆ. ಆದರೆ ಇಲ್ಲಿ ನಮ್ಮ ಮನೆಯ ಬಿಳಿ ಗೋಡೆ ಎರಡು ಗೇಣಿನಾಚೆ ಹುರಿದ ಕಾಫಿಬೀಜದ ಬಣ್ಣದಲ್ಲಿತ್ತು. ಅದೇ ಗಾಢತೆಗೆ ಅಲ್ಟ್ರಾಮರೀನ್, ಸಿಯೆನ್ನಾ ಬೆರೆಸಿ ಹಚ್ಚಿದೆ. ಬೆಳಿಗ್ಗೆ ಒಣಗಿದಾಗ ಒಂದು ಮೆಟ್ಟಿಲು ತಿಳಿಯಾಗಿತ್ತು, ಇನ್ನೊಂದು ಪದರ ಹಾಕಿದೆ. ಜ್ವಾಲೆಯಲ್ಲಿ ಬಣ್ಣವೇ ಇಲ್ಲ, ಬರಿಯ ಹಾಳೆ. ಅಂಚಿಗೆ ಮಾತ್ರ ತೆಳು ಹಳದಿ. ಅಮ್ಮ ಬಾಗಿಲಲ್ಲೇ ನಿಂತು, ಯಾರು ದೀಪ ಹಚ್ಚಿದ್ದು ಎಂದು ಕೇಳಿದರು.

ಒಂದು ತೊಂದರೆ ಉಳಿದಿದೆ. ಜ್ವಾಲೆಯ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗಿದೆ.

ಕರಿಮಸಿ | 11:44
ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಕುಂಚದಿಂದ ಅಂಚನ್ನು ಒಂದೇ ಸಲ ಸವರಿ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೇಲಿನ ತುದಿಗೆ ಮಾತ್ರ ಮಾಡಿ. ಬತ್ತಿಯ ಬುಡದ ಗೆರೆ ಹಾಗೆಯೇ ಇರಲಿ.