ಸಹಾಯ ಬೇಕು: ಮೂಕಿ ಚಿತ್ರಕ್ಕೆ ಬರಹದ ಕಾರ್ಡು, ಮತ್ತೆ ಒಂದು ಪೀಪಾಯಿ

ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು ಸೇರಿ 12 ನಿಮಿಷದ ಮೂಕಿ ಚಿತ್ರ ಮಾಡುತ್ತಿದ್ದೇವೆ. ನಗುವೂ ಇದೆ, ಎದೆ ಢವಢವವೂ ಇದೆ.

ಕಥೆ ನಡೆಯುವುದು 1918ರಲ್ಲಿ, ಅಮೆರಿಕದ ಮಿಲ್ವಾಕಿ ನಗರದಲ್ಲಿ. ಅಲ್ಲಿ ಜರ್ಮನಿಯಿಂದ ಹೋದವರು ತುಂಬಾ ಜಾಸ್ತಿ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಮೊದಲ ಮಹಾಯುದ್ಧಕ್ಕಿಳಿದಿದ್ದೇ ತಡ, ಇವರ ಮೇಲೆ ಎಲ್ಲರಿಗೂ ಅನುಮಾನ. ಪೌರತ್ವ ಸಿಗದವರು ಫೋಟೊ, ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕಿತ್ತು. ಹುಳಿ ಎಲೆಕೋಸಿನ 'ಸೌರ್‌ಕ್ರೌಟ್' ಹೆಸರೂ ಹೋಗಿ 'ಲಿಬರ್ಟಿ ಕ್ಯಾಬೇಜ್' ಆಯಿತು! ಉಪ್ಪಿನಕಾಯಿಗೂ ದೇಶಭಕ್ತಿ ಪರೀಕ್ಷೆ ಅಂದರೆ ನಗು ಬರಲ್ವಾ?

ನಮ್ಮ ನಾಯಕ ಅಲ್ಲಿನ ಒಬ್ಬ ಜರ್ಮನ್ ಅಂಗಡಿಯವನು. ಅವನ ಮಗ ಅಮೆರಿಕದ ಸೈನ್ಯದಲ್ಲಿ, ತಮ್ಮ ಜರ್ಮನಿಯ ಸೈನ್ಯದಲ್ಲಿ. ತಮ್ಮನ ಹಳೇ ಪತ್ರವನ್ನು ಅಂಗಡಿಯವನು ಎಲೆಕೋಸಿನ ಪೀಪಾಯಿಯಲ್ಲಿ ಬಚ್ಚಿಟ್ಟಿದ್ದಾನೆ. ಎಲ್ಲ ಪೀಪಾಯಿಗೂ ಹೊಸ ಹೆಸರು ಬಳಿದ ಮೇಲೆ ಯಾವುದರಲ್ಲಿದೆ ಅಂತ ಅವನಿಗೇ ಗೊತ್ತಾಗಲ್ಲ. ಅಷ್ಟರಲ್ಲಿ ಪೊಲೀಸರು ಬಾಗಿಲಲ್ಲಿ.

ತೊಂದರೆ ಏನೆಂದರೆ, ಅವನು ಮನೆಯಲ್ಲಿ ಜರ್ಮನ್, ಬೀದಿಯಲ್ಲಿ ಇಂಗ್ಲಿಷ್ ಮಾತಾಡುತ್ತಾನೆ. ಪರದೆ ಮೇಲೆ ಮಾತು ತೋರಿಸುವ ಕಾರ್ಡುಗಳೆಲ್ಲ ಕನ್ನಡದಲ್ಲೇ. ಎರಡು ಭಾಷೆ ಅಂತ ನೋಡುವವರಿಗೆ ಹೇಗೆ ತಿಳಿಸುವುದು? ಬೇರೆ ಬೇರೆ ಅಕ್ಷರ ವಿನ್ಯಾಸ ಹಾಕಿ ನೋಡಿದೆವು, ಮದುವೆ ಪತ್ರಿಕೆ ತರ ಕಾಣ್ತು. ಎರಡು ಊರಿನ ಕನ್ನಡ ಬಳಸಿದರೆ ಆ ಊರಿನವರನ್ನು ಗೇಲಿ ಮಾಡಿದ ಹಾಗಾಗುತ್ತೆ ಅನ್ನೋ ಭಯ. ನಾಟಕ ಬರೆದವರು ದಯವಿಟ್ಟು ಹೇಳಿ.

ಮೈಸೂರು ಕಡೆ ಯಾರ ಹತ್ತಿರವಾದರೂ ಹಳೇ ಮರದ ಪೀಪಾಯಿ ಇದೆಯಾ? ಒಬ್ಬ ಮನುಷ್ಯ ಅದರೊಳಗೆ ಕೂರಬೇಕು. ಸಣಕಲು ಮನುಷ್ಯನೇ.